ಗಂಡಮ್ ಕಥೆಯ ಕಿರ್ದಿ: ವಾರಕ್ಕೊಂದು ಯಂತ್ರ ಬಿದ್ದ ಮೇಲೆ ಉಳಿದ ಶಿಲ್ಕು ಎಷ್ಟು?

ಪ್ರಶ್ನೆ: 1979ರ ಮೂಲ ‘ಮೊಬೈಲ್ ಸೂಟ್ ಗಂಡಮ್’ನ 43 ಕಂತುಗಳನ್ನೂ ನೋಡಿ ಮುಗಿಸಿದೆ. ರೋಬೋ ಕಾರ್ಟೂನುಗಳ ದಿಕ್ಕನ್ನೇ ಬದಲಿಸಿದ ಸರಣಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಕಂಡದ್ದು ಮಾತ್ರ ವಾರಕ್ಕೊಂದು ಹೊಸ ಶತ್ರುಯಂತ್ರ, ಕೊನೆಗೆ ಅದರ ನಾಶ. ಕೆಲವು ಕಂತು ತುಂಬಾ ಚೆನ್ನಾಗಿವೆ, ಕೆಲವು ಬರೀ ಎಳೆದಾಟ, ಕೊನೆಯ ಹತ್ತು ಕಂತು ಓಡೋಡಿ ಮುಗಿಸಿದ ಹಾಗಿವೆ. ಇದರ ಕಥೆ ಹೇಳುವ ರೀತಿಯ ಬಗ್ಗೆ ಒಂದು ವಿಮರ್ಶೆ ಬರೆಯಬೇಕೆಂದಿದ್ದೇನೆ. ಯಾವ ಅಳತೆಗೋಲು ಹಿಡಿಯಲಿ? ಮತ್ತೊಮ್ಮೆ ನೋಡುವಾಗ ಸರಣಿಯ ಬದಲು ಮೂರು ಸಿನಿಮಾ ನೋಡಿದರೆ ಸಾಕೇ?

ಉತ್ತರ: ನೀವು ಗುರುತಿಸಿದ ಮೂರೂ ದೋಷ ಅಲ್ಲಿವೆ. ಆದರೆ ಮೂರರ ಮೂಲವೂ ಬೇರೆ ಬೇರೆ. ವಾರಕ್ಕೊಂದು ಯಂತ್ರ ಬಂದದ್ದು ಆಟಿಕೆ ಅಂಗಡಿಯಿಂದ. ನಡುವಿನ ಎಳೆದಾಟ ಬಂದದ್ದು ಬಹುಪಾಲು ಬರವಣಿಗೆಯಿಂದ. ಕೊನೆಯ ಓಟ ಬಂದದ್ದು 52 ಕಂತಿಗೆಂದು ಹಾಕಿಕೊಂಡ ಕಥೆಯನ್ನು 43ಕ್ಕೆ ಕತ್ತರಿಸಿದ್ದರಿಂದ. ಮೂರನ್ನೂ ಒಂದೇ ಚೀಲಕ್ಕೆ ತುಂಬಿದರೆ ವಿಮರ್ಶೆ ಜೊಳ್ಳಾಗುತ್ತದೆ. ಯಾವುದಕ್ಕೆ ಯಾರು ಹೊಣೆ ಎಂದು ಬಿಡಿಸಿಟ್ಟರೆ ಬರಹಕ್ಕೆ ಗಟ್ಟಿ ನೆಲ ಸಿಗುತ್ತದೆ.

ಮೊದಲು ಆ ವಾರದ ಚೌಕಟ್ಟನ್ನು ಅರ್ಥ ಮಾಡಿಕೊಳ್ಳಿ. 1972ರ ಡಿಸೆಂಬರಿನಿಂದ 1974ರ ಸೆಪ್ಟೆಂಬರ್‌ವರೆಗೆ 92 ಕಂತು ನಡೆದ ‘ಮಾಜಿಂಗರ್ ಜ಼ೆಡ್’ ಈ ಅಚ್ಚನ್ನು ಹುಯ್ದಿಟ್ಟಿತ್ತು. ಖಳ ಡಾಕ್ಟರ್ ಹೆಲ್ ವಾರಕ್ಕೊಂದು ಯಂತ್ರಮೃಗವನ್ನು ಕಳಿಸಬೇಕು, ಕೋಜಿ ಎಂಬ ಹುಡುಗ ಮಾಜಿಂಗರ್ ಎಂಬ ರೋಬೋ ಏರಿ ಅದನ್ನು ಪುಡಿ ಮಾಡಬೇಕು. ಕಳೆದ ವಾರ ತಪ್ಪಿಸಿಕೊಂಡ ಮಗುವಿಗೂ ಈ ವಾರ ಕಥೆ ಗೊತ್ತಾಗಬೇಕಿತ್ತು. ತಪ್ಪಿದ ಕಂತನ್ನು ಆಮೇಲೆ ನೋಡುವ ಅನುಕೂಲ ಆಗಿನ ಮನೆಗಳಲ್ಲಿ ಇರಲಿಲ್ಲ. ಖರ್ಚು ಹಾಕುವವರು ಆಟಿಕೆ ಕಂಪನಿಯವರು, ಅವರಿಗೆ ತೆರೆಯ ಮೇಲೆ ಯಂತ್ರ ಓಡಾಡುತ್ತಿರಬೇಕು. ಹಾಗಾಗಿ ಪ್ರತಿ ವಾರ ಕಥೆಯ ಲೆಕ್ಕ ಅಂದಂದೇ ಚುಕ್ತಾ. ಒಡೆದ ಊರು ಮುಂದಿನ ವಾರ ಮತ್ತೆ ಎದ್ದು ನಿಂತಿರುತ್ತಿತ್ತು.

ಗಂಡಮ್ ಹುಟ್ಟಿದ್ದೂ ಇದೇ ಅಂಗಡಿಯಲ್ಲಿ. ಕ್ಲೋವರ್ ಎಂಬ ಆಟಿಕೆ ಕಂಪನಿ ಪ್ರಾಯೋಜಕ, ನಿಪ್ಪಾನ್ ಸನ್‌ರೈಸ್ ತಯಾರಕರು, ನಗೋಯಾ ಟಿವಿ ಪ್ರಸಾರಕ. ನಿರ್ದೇಶನ ಯೊಶಿಯುಕಿ ತೊಮಿನೊ, ಪಾತ್ರಗಳ ರೂಪ ಯೊಶಿಕಾಜು ಯಾಸುಹಿಕೊ, ಯಂತ್ರಗಳ ವಿನ್ಯಾಸ ಕುನಿಯೊ ಒಕಾವಾರಾ. 1979ರ ಏಪ್ರಿಲ್ 7ರಿಂದ 1980ರ ಜನವರಿ 26ರವರೆಗೆ ಪ್ರಸಾರ. ಇವರು ವಾರಕ್ಕೊಂದು ಯಂತ್ರ ಎಂಬ ಕರಾರನ್ನು ಮುರಿಯಲಿಲ್ಲ, ಹೆಚ್ಚುಕಡಿಮೆ ಪಾಲಿಸಿದರು. ಮುರಿದದ್ದು ಚುಕ್ತಾ ಮಾಡುವ ಪದ್ಧತಿಯನ್ನು. ಈ ವಾರದ ಪೆಟ್ಟು ಮುಂದಿನ ವಾರಕ್ಕೂ ಬಾಕಿ ಉಳಿಯುವಂತೆ ಮಾಡಿದರು. ಈ ಸರಣಿಯ ಕಥನಕಲೆ ಇರುವುದು ಅಲ್ಲೇ, ಅದು ಸೋಲುವುದೂ ಅಲ್ಲೇ.

ಆದ್ದರಿಂದ ನಿಮ್ಮ ಅಳತೆಗೋಲಾಗಿ ಅಂಗಡಿಯ ಕಿರ್ದಿ ಪುಸ್ತಕವನ್ನೇ ಹಿಡಿಯಿರಿ. ಪ್ರತಿ ಕಂತಿಗೆ ಒಂದು ಹಾಳೆ, ನಾಲ್ಕು ಅಂಕಣ: ಆರಂಭ ಶಿಲ್ಕು, ಜಮಾ, ಖರ್ಚು, ಆಖೈರು ಶಿಲ್ಕು. ಹಿಂದಿನ ಕಂತಿನಿಂದ ಪಾತ್ರಗಳು ಹೊತ್ತು ತಂದ ಗಾಯ, ಸಾಲ, ಹಗೆ, ಕೊರತೆ ಎಲ್ಲ ಮೊದಲ ಅಂಕಣಕ್ಕೆ. ಹೊಸದಾಗಿ ಬಂದ ಮನುಷ್ಯ, ಯಂತ್ರ, ಸುದ್ದಿ ಜಮಾ. ಸತ್ತವರು, ಕಳೆದುಕೊಂಡದ್ದು, ಕೈಬಿಟ್ಟ ನಂಬಿಕೆ ಖರ್ಚು. ಕಂತು ಮುಗಿದಾಗ ತೀರದೆ ಉಳಿದದ್ದು ಆಖೈರು ಶಿಲ್ಕು. ಮುಂದಿನ ಕಂತಿನ ಮೊದಲ ಅಂಕಣದಲ್ಲಿ ಅದು ಬಂದಿದೆಯೇ ನೋಡಿ. ಬರದಿದ್ದರೆ ಎಷ್ಟನೇ ಕಂತಿನಲ್ಲಿ ಬಂತು, ಬಂತೇ ಇಲ್ಲವೇ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಪಕ್ಕದಲ್ಲಿ ಎರಡು ಸಮಯ ಬರೆದುಕೊಳ್ಳಿ: ಶತ್ರುಯಂತ್ರ ಮೊದಲು ಕಂಡ ನಿಮಿಷ, ಕಾಳಗ ಶುರುವಾದ ನಿಮಿಷ. ಶುರುವಿನ ಹಾಡು ಮತ್ತು ಮುಕ್ತಾಯದ ಹಾಡು ಕಳೆದರೆ ಒಂದು ಕಂತಿನಲ್ಲಿ ಕಥೆಗೆ ಸಿಗುವುದು ಸುಮಾರು ಇಪ್ಪತ್ತು ನಿಮಿಷ. ನಡುವೆ ಜಾಹೀರಾತಿನ ಬಿಡುವಿನಿಂದ ಎರಡು ಹೋಳು. ಮೊದಲ ಹೋಳಿನಲ್ಲೇ ಕಾಳಗ ಶುರುವಾಗಿ ಕೊನೆಯವರೆಗೂ ನಡೆದರೆ ಆ ಕಂತಿನಲ್ಲಿ ಮನುಷ್ಯರಿಗೆ ಜಾಗ ಉಳಿದಿರುವುದು ಕಡಿಮೆ. ಈ ಎರಡು ಅಂಕಿ ನಿಮ್ಮ ‘ಎಳೆದಾಟ’ ಎಂಬ ಮಾತಿಗೆ ಪುರಾವೆ ಕೊಡುತ್ತವೆ.

ಹಾಳೆ ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲ ಕಂತಿನಲ್ಲೇ ನೋಡೋಣ. ಸೈಡ್ 7 ಎಂಬ ಬಾಹ್ಯಾಕಾಶ ವಸಾಹತಿಗೆ ಬೇಹು ನೋಡಲು ಶತ್ರುಪಕ್ಷ ಜ಼ಿಯಾನ್‌ನ ಮೂರು ಜ಼ಾಕು ಯಂತ್ರಗಳು ಬರುತ್ತವೆ. ಒಬ್ಬ ಸೈನಿಕ ಹೆಸರು ಮಾಡುವ ಆಸೆಗೆ ಅಪ್ಪಣೆ ಮೀರಿ ಗುಂಡು ಹಾರಿಸುತ್ತಾನೆ. ಅಲ್ಲಿಂದ ಎಲ್ಲ ಶುರು. ಹದಿನೈದರ ಅಮುರೋ ರೇ ಕೈಪಿಡಿ ಓದುತ್ತಾ ಭೂಮಿಯ ಒಕ್ಕೂಟದ ಹೊಸ ಯುದ್ಧಯಂತ್ರ ಗಂಡಮ್ ಏರುತ್ತಾನೆ, ಮೊದಲ ಜ಼ಾಕುವನ್ನು ಕತ್ತರಿಸುತ್ತಾನೆ. ಅದರ ರಿಯಾಕ್ಟರ್ ಸಿಡಿದು ವಸಾಹತಿನ ಗೋಡೆಗೇ ತೂತು ಬೀಳುತ್ತದೆ. ಆ ತೂತಿನಿಂದ ಹೊರಗೆ ಸೆಳೆದು ಹೋಗುವವರಲ್ಲಿ ಗಂಡಮ್ ಕಟ್ಟಿದ ಎಂಜಿನಿಯರ್, ಅಮುರೋನ ತಂದೆ ಟೆಮ್ ರೇ ಕೂಡ ಒಬ್ಬರು. ಎರಡನೇ ಜ಼ಾಕು ಎದುರಾದಾಗ ಹುಡುಗ ಪಾಠ ಕಲಿತಿದ್ದಾನೆ. ಸಿಡಿಯದ ಹಾಗೆ ಚಾಲಕನ ಕೋಣೆಯನ್ನೇ ಗುರಿಯಿಟ್ಟು ಇರಿಯುತ್ತಾನೆ. ಯಂತ್ರಕ್ಕೆ ಹೊಡೆಯುತ್ತಿದ್ದವನು ಎರಡನೇ ಏಟಿಗೇ ಮನುಷ್ಯನನ್ನು ಗುರಿಯಿಟ್ಟು ಕೊಲ್ಲುವವನಾದ. ಕಾರಣ ತಾಂತ್ರಿಕ, ಆದರೆ ಪರಿಣಾಮ ಅವನ ಮನಸ್ಸಿನ ಮೇಲೆ. ಇದರ ಬಗ್ಗೆ ಯಾರೂ ಅಲ್ಲಿ ಭಾಷಣ ಮಾಡುವುದಿಲ್ಲ.

ಈಗ ಆಖೈರು ಶಿಲ್ಕು: ತಂದೆ ಕಾಣೆ. ಮುಂದಿನ ಕಂತಿನಲ್ಲಿ ಬರುವುದಿಲ್ಲ, ಹತ್ತನೇ ಕಂತಿನಲ್ಲೂ ಇಲ್ಲ. 33ನೇ ಕಂತಿನಲ್ಲಿ, ತಟಸ್ಥ ವಸಾಹತಾದ ಸೈಡ್ 6ರ ಬೀದಿಯಲ್ಲಿ, ಆ ಬಾಕಿ ಎದುರಿಗೆ ಬಂದು ನಿಲ್ಲುತ್ತದೆ. ಆಮ್ಲಜನಕದ ಕೊರತೆಯಿಂದ ತಂದೆಯ ಮಿದುಳಿಗೆ ಪೆಟ್ಟಾಗಿದೆ. ಅವರು ಮಗನ ಕೈಗೆ ಒಂದು ಬಿಡಿಭಾಗ ಕೊಟ್ಟು, ಇದನ್ನು ಗಂಡಮ್‌ಗೆ ಜೋಡಿಸು, ಅದರ ಶಕ್ತಿ ಎಷ್ಟೋ ಹೆಚ್ಚುತ್ತದೆ ಎನ್ನುತ್ತಾರೆ. ಮಗನಿಗೆ ನೋಡಿದೊಡನೆ ಗೊತ್ತು, ಅದು ಹಳೆಯ ಕಾಲದ ಬಿಡಿಭಾಗ, ಕೆಲಸಕ್ಕೆ ಬಾರದ್ದು. ತಾಯಿಯ ಸುದ್ದಿ ತೆಗೆದರೂ ತಂದೆಯ ಗಮನ ಅತ್ತ ಹೋಗುವುದಿಲ್ಲ. ಹೊರಗೆ ಬಂದ ಅಮುರೋ ಅದನ್ನು ನೆಲಕ್ಕೆ ಬಿಸಾಡಿ ಓಡುತ್ತಾನೆ. ಮೊದಲ ಕಂತಿನಲ್ಲಿ ತೂತು ಬಿದ್ದದ್ದು ಅವನ ಕತ್ತಿಯಿಂದಲೇ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೋಡುವವರ ಕಿರ್ದಿಯಲ್ಲಿ ಅದು ಇರುತ್ತದೆ, ಅಷ್ಟು ಸಾಕು. 32 ವಾರ ಬಡ್ಡಿ ಬೆಳೆದ ಸಾಲವನ್ನು ಕೆಲವೇ ನಿಮಿಷದಲ್ಲಿ, ಒಂದು ತಗಡಿನ ತುಂಡಿನಿಂದ ವಸೂಲು ಮಾಡಿದ ಬರವಣಿಗೆ ಇದು.

ಸರಣಿಯ ಅತಿ ದೊಡ್ಡ ಖಾತೆ ತೆರೆಯುವುದು 10ನೇ ಕಂತಿನಲ್ಲಿ. ಜ಼ಿಯಾನ್ ರಾಜಕುಮಾರ ಗಾರ್ಮಾ ಜ಼ಾಬಿಯನ್ನು, ಜ಼ಾಬಿ ಮನೆತನದ ಮೇಲೆ ಒಳಗೊಳಗೇ ಸೇಡು ಹೊತ್ತ ಅವನ ಗೆಳೆಯ ಶಾರ್ ಮೋಸದಿಂದ ಸಾವಿನ ಬಾಯಿಗೆ ತಳ್ಳುತ್ತಾನೆ. ಹಳೆಯ ಅಚ್ಚಿನಲ್ಲಾದರೆ ಒಬ್ಬ ಖಳ ಸತ್ತ, ವಾರ ಮುಗಿಯಿತು. ಇಲ್ಲಿ ಆ ಒಂದು ಹೆಣದಿಂದ ಉಳಿದ ಕಥೆಯೆಲ್ಲ ನಡೆಯುತ್ತದೆ. 11ನೇ ಕಂತಿನಲ್ಲಿ ಪ್ರೇಯಸಿ ಇಸೆಲಿನಾ ಸೇಡಿಗೆ ಬರುತ್ತಾಳೆ. 12ರಲ್ಲಿ ಅಣ್ಣ ಗಿರೆನ್ ತಮ್ಮನ ಶವಸಂಸ್ಕಾರವನ್ನು ಯುದ್ಧೋನ್ಮಾದದ ಸಭೆಯಾಗಿಸುತ್ತಾನೆ. ಮಗನನ್ನು ಸದ್ದಿಲ್ಲದೆ ಬೀಳ್ಕೊಡಲು ಬಯಸಿದ್ದ ತಂದೆ ಡೆಗ್ವಿನ್‌ಗೂ ಗಿರೆನ್‌ಗೂ ನಡುವಿನ ಬಿರುಕು ಅಲ್ಲಿ ಕಾಣುತ್ತದೆ. ಇನ್ನೊಬ್ಬ ಅಣ್ಣ ಡೋಜ಼ಲ್ ಸೇಡು ತೀರಿಸಲು ರಂಬಾ ರಾಲ್ ಎಂಬ ಸೇನಾನಿಯನ್ನು ಕಳಿಸುತ್ತಾನೆ, ಶಾರ್‌ನನ್ನು ಹುದ್ದೆಯಿಂದ ಕಿತ್ತುಹಾಕುತ್ತಾನೆ. ಬಿರುಕು ಬೆಳೆದು 41ನೇ ಕಂತಿನಲ್ಲಿ ಸಂಧಾನಕ್ಕೆ ಹೊರಟ ತಂದೆಯನ್ನು ಗಿರೆನ್ ಶತ್ರುನೌಕೆಗಳ ಜೊತೆಗೇ ಸುಟ್ಟುಬಿಡುತ್ತಾನೆ. 42ರಲ್ಲಿ ಆ ಪಿತೃಹತ್ಯೆಗೆಂದು ತಂಗಿ ಕಿಶಿರಿಯಾ ಗಿರೆನ್‌ನನ್ನು ಗುಂಡಿಟ್ಟು ಕೊಲ್ಲುತ್ತಾಳೆ. 43ರಲ್ಲಿ ಕಿಶಿರಿಯಾಳನ್ನು ಶಾರ್ ಮುಗಿಸುತ್ತಾನೆ. ಒಂದು ಮನೆತನ ಒಳಗಿನಿಂದ ಕುಸಿಯುವ ಈ ಸರಪಳಿಯಲ್ಲಿ ಒಂದು ಕೊಂಡಿಯೂ ಆಕಸ್ಮಿಕ ಅಲ್ಲ. ಕೌರವರ ಕಥೆ ಕೇಳಿ ಬೆಳೆದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ಆ ಮನೆಯವರೆಲ್ಲರಿಗೂ ಅವರವರ ಪ್ರೀತಿ, ಅವರವರ ಕುರುಡು ಇದೆ. ಅಧಿಕಾರಕ್ಕಾಗಿ ಯಾವ ಲೆಕ್ಕಕ್ಕೂ ಹೇಸದ ಗಿರೆನ್ ಒಬ್ಬನೇ ಪೂರ್ತಿ ತಣ್ಣಗಿನವನು.

ರಂಬಾ ರಾಲ್ ಇರುವ 12ರಿಂದ 20ರವರೆಗಿನ ಕಂತುಗಳಿಗೆ ನಿಮ್ಮ ವಿಮರ್ಶೆಯಲ್ಲಿ ಹೆಚ್ಚು ಜಾಗ ಕೊಡಿ. ಬರವಣಿಗೆ ಅತ್ಯಂತ ಬಿಗಿಯಾಗಿರುವುದು ಇಲ್ಲಿ. 16ನೇ ಕಂತು ಶುರುವಾಗುವುದು ಉಪ್ಪಿನ ಕೊರತೆಯಿಂದ. ಅಮುರೋ ಮತ್ತು ಅವನ ಜೊತೆಯವರಿರುವ ವೈಟ್ ಬೇಸ್ ನೌಕೆಯ ಅಡುಗೆಯವ ಉಪ್ಪು ಮುಗಿಯುತ್ತಾ ಬಂತು ಎನ್ನುತ್ತಾನೆ, ನೌಕೆ ಉಪ್ಪಿನ ಸರೋವರ ಹುಡುಕಿಕೊಂಡು ಹೋಗುತ್ತದೆ. ರೋಬೋ ಕಥೆಯಲ್ಲಿ ಉಪ್ಪು! ಆದರೆ ಅದರಿಂದ ಆ ಹುಡುಗರಿಗೆ ಹೊಟ್ಟೆ ಇದೆ, ನೌಕೆಗೆ ದಾಸ್ತಾನು ಇದೆ, ದಾಸ್ತಾನು ಮುಗಿಯುತ್ತದೆ ಎಂಬುದು ನೋಡುವವರ ತಲೆಯಲ್ಲಿ ಕೂರುತ್ತದೆ. ತನ್ನನ್ನು ಗಂಡಮ್‌ನಿಂದ ಇಳಿಸುವ ಮಾತು ಕಿವಿಗೆ ಬಿದ್ದು, 17ರಲ್ಲಿ ಅಮುರೋ ಯಂತ್ರದ ಸಮೇತ ಓಡಿಹೋಗುತ್ತಾನೆ. 18ರಲ್ಲಿ ಒಬ್ಬನೇ ಒಂದು ಗಣಿಯನ್ನು ನಾಶ ಮಾಡುತ್ತಾನೆ, ಅಂಥ ಗಣಿಗಳು ಇನ್ನೂ ಎಷ್ಟೋ ಇವೆ ಎಂದು ತಿಳಿದು ಪೆಚ್ಚಾಗುತ್ತಾನೆ. 19ರಲ್ಲಿ ಮರುಭೂಮಿಯ ಒಂದು ಊಟದಂಗಡಿಯಲ್ಲಿ ಕೂತಿದ್ದಾಗ ರಾಲ್, ಅವನ ಸಂಗಾತಿ ಹಾಮೊನ್, ಸೈನಿಕರು ಒಳಗೆ ಬರುತ್ತಾರೆ.

ಆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಹಾಮೊನ್ ಹುಡುಗನಿಗೂ ಊಟ ಹೇಳುತ್ತಾಳೆ. ಅವನು, ನಾನು ಭಿಕ್ಷುಕನಲ್ಲ ಎಂದು ಬೇಡವೆನ್ನುತ್ತಾನೆ. ಆ ಕೆಚ್ಚು ರಾಲ್‌ಗೆ ಹಿಡಿಸುತ್ತದೆ. ಅಷ್ಟರಲ್ಲಿ ಅಮುರೋನನ್ನು ಹುಡುಕಿ ಬಂದ ಫ್ರಾವ್ ಬೋ ಎಂಬ ಹುಡುಗಿಯನ್ನು ಸೈನಿಕರು ಹಿಡಿದು ತರುತ್ತಾರೆ. ಅಮುರೋ ಹೊದಿಕೆಯ ಕೆಳಗೆ ಪಿಸ್ತೂಲು ಹಿಡಿದಿದ್ದಾನೆ. ರಾಲ್ ಹೊದಿಕೆ ಎತ್ತಿ ನೋಡುತ್ತಾನೆ, ಧೈರ್ಯವನ್ನು ಮೆಚ್ಚುತ್ತಾನೆ, ಇಬ್ಬರನ್ನೂ ಬಿಟ್ಟುಬಿಡುತ್ತಾನೆ. ದೊಡ್ಡ ಮನಸ್ಸು. ಅದೇ ಉಸಿರಿನಲ್ಲಿ ಹುಡುಗಿಯ ಗಾಡಿಯ ಹಿಂದೆ ಆಳನ್ನೂ ಬಿಡುತ್ತಾನೆ, ನೌಕೆ ಎಲ್ಲಿದೆ ಎಂದು ತಿಳಿಯಲು. ಮನುಷ್ಯತ್ವವೂ ಕಸುಬೂ ಒಂದೇ ಮುಖದಲ್ಲಿ ಹೀಗೆ ಕೂಡಿ ಕೂತದ್ದು ಈ ಸರಣಿಯಲ್ಲೇ ಅಪರೂಪ. ಲೆಕ್ಕವನ್ನೂ ನೋಡಿ: ಅಮುರೋ ಓಡಿಹೋದದ್ದರಿಂದ ಫ್ರಾವ್ ಬಂದಳು, ಫ್ರಾವ್ ಬಂದದ್ದರಿಂದ ನೌಕೆ ಸಿಕ್ಕಿಬಿತ್ತು. ಕಾಳಗದ ಕೊನೆಗೆ ಎರಡೂ ಯಂತ್ರಗಳ ಚಾಲಕರ ಕೋಣೆ ಸೀಳಿ, ಇಬ್ಬರೂ ಪರಸ್ಪರರ ಮುಖ ನೋಡುತ್ತಾರೆ. ಗೆದ್ದೆನೆಂದು ಹಿಂತಿರುಗಿದ ಅಮುರೋಗೆ ಸಿಗುವುದು ಕತ್ತಲಕೋಣೆ.

20ರಲ್ಲಿ ರಾಲ್ ಸಾಯುತ್ತಾನೆ. ಏಕೆ ಸಾಯುತ್ತಾನೆ ಎಂಬುದು ಮುಖ್ಯ. ಅವನಿಗೆಂದು ಬರಬೇಕಿದ್ದ ಡೋಮ್ ಯಂತ್ರಗಳನ್ನು ಮೇಲಧಿಕಾರಿ ಮಾ ಕುಬೆ ಸುಳ್ಳು ನೆಪ ಹೇಳಿ ಕೊಡುವುದಿಲ್ಲ. ಯಂತ್ರವಿಲ್ಲದ ರಾಲ್ ಕಾಲಾಳುಗಳೊಂದಿಗೆ ನೌಕೆಯೊಳಕ್ಕೆ ನುಗ್ಗುತ್ತಾನೆ. ಒಳಗೆ ಎದುರಾಗುವವಳು ನೌಕೆಯ ಸಿಬ್ಬಂದಿಯಲ್ಲೊಬ್ಬಳಾದ ಸೈಲಾ. ಹಿಂದೆ ತಾನು ಸೇವೆ ಮಾಡಿದ ಮನೆಯ ಮಗಳು ಆರ್ಟೀಸಿಯಾ ಇವಳೇ ಎಂದು ಗುರುತು ಹಿಡಿದು ಒಂದು ಕ್ಷಣ ತಡವರಿಸುತ್ತಾನೆ, ಆಗಲೇ ಗುಂಡು ತಾಗುತ್ತದೆ. ಕೊನೆಗೆ ಗ್ರೆನೇಡ್ ಹಿಡಿದು ಗಂಡಮ್‌ನ ಅಂಗೈ ಮೇಲೆ ಬಿದ್ದು ಸಿಡಿಯುತ್ತಾನೆ. ಅಮುರೋಗೆ ಗೆಲ್ಲಲು ಅವಕಾಶವೇ ಸಿಗುವುದಿಲ್ಲ. ‘ಆ ಮನುಷ್ಯನನ್ನು ಗೆಲ್ಲಬೇಕು’ ಎಂಬ ಹಟ ತೀರದ ಬಾಕಿಯಾಗಿ ಉಳಿಯುತ್ತದೆ. 21ರಲ್ಲಿ ಹಾಮೊನ್ ಸೇಡಿಗೆ ಬಂದಾಗ, ಅಮುರೋನನ್ನು ಉಳಿಸಲು ಸಹಯೋಧ ರ್ಯೂ ಪ್ರಾಣ ಕೊಡುತ್ತಾನೆ. ಅಮುರೋ ಓಡಿಹೋದ ಲೆಕ್ಕದಲ್ಲಿ ಸತ್ತವನು ರ್ಯೂ. ಯಂತ್ರ ಬಿದ್ದದ್ದು ಈ ಕಂತುಗಳಲ್ಲಿ ನೆನಪೇ ಉಳಿಯುವುದಿಲ್ಲ.

ಇನ್ನು ಅಳತೆಗೋಲಿನ ಮಿತಿ. ಶಿಲ್ಕು ಸೊನ್ನೆಯಾದ ಕಂತೆಲ್ಲ ಕೆಟ್ಟದ್ದಲ್ಲ. 14ನೇ ಕಂತಿನಲ್ಲಿ ಕೆಲವು ಜ಼ಿಯಾನ್ ಸೈನಿಕರು ಗಂಡಮ್ ಮೈಮೇಲೆ ಟೈಮ್ ಬಾಂಬ್ ಅಂಟಿಸುತ್ತಾರೆ, ಅಮುರೋ ಒಂದೊಂದಾಗಿ ಬಿಡಿಸುತ್ತಾನೆ. ಆಮೇಲೆ ಅದೇ ಸೈನಿಕರು ಊರಿನವರ ವೇಷದಲ್ಲಿ ಅವನ ಮುಖ ನೋಡಲು ಬರುತ್ತಾರೆ. ಇಷ್ಟು ಚಿಕ್ಕವನೇ ಎಂದು ಬೆರಗಾಗಿ ಹೊರಟುಹೋಗುತ್ತಾರೆ. ಮುಂದಿನ ಕಥೆಗೆ ಇದರಿಂದ ಕವಡೆಯಷ್ಟೂ ಸೇರುವುದಿಲ್ಲ, ಆದರೂ ಇಪ್ಪತ್ತು ನಿಮಿಷದ ಕಥೆಯಾಗಿ ಇದಕ್ಕಿಂತ ಚೊಕ್ಕವಾದದ್ದು ಈ ಸರಣಿಯಲ್ಲಿ ಬೇರೆ ಇಲ್ಲ. 8ನೇ ಕಂತಿನಲ್ಲಿ ನಿರಾಶ್ರಿತ ತಾಯಿ-ಮಗುವಿಗೆ ಶತ್ರುವಿಮಾನ ಆಹಾರದ ಗಂಟು ಹಾಕಿ ಹೋಗುತ್ತದೆ. ಅವಳು ಹುಡುಕುತ್ತಿದ್ದ ಊರು ತಾನು ನಿಂತ ಆ ಹಾಳು ನೆಲವೇ ಎಂದು ಗೊತ್ತಾಗುವ ಕೊನೆಯೂ ಹಾಗೆಯೇ.

15ನೇ ಕಂತನ್ನು ಪ್ರತ್ಯೇಕವಾಗಿ ಚರ್ಚಿಸಿ. ಸೇನೆ ಬಿಟ್ಟ ಕುಕುರುಜ್ ಡೋನ್ ದ್ವೀಪವೊಂದರಲ್ಲಿ ಅನಾಥ ಮಕ್ಕಳನ್ನು ಸಾಕುತ್ತಿರುವ ಕಥೆ ಅದು. ಅವನಿಗೆ ಅಂಟಿದ ಯುದ್ಧದ ವಾಸನೆ ಹೋಗಲೆಂದು ಅಮುರೋ ಅವನ ಜ಼ಾಕುವನ್ನು ಸಮುದ್ರಕ್ಕೆ ಎಸೆಯುತ್ತಾನೆ. ಈ ಕಂತಿನ ಚಿತ್ರಗಳು ಎದ್ದು ಕಾಣುವಷ್ಟು ಕಳಪೆ, ಯಂತ್ರಗಳ ಅಳತೆಯೇ ತಪ್ಪಿದೆ. ತೊಮಿನೊ ಕೋರಿಕೆಯ ಮೇರೆಗೆ ಅಮೆರಿಕದ ಬಿಡುಗಡೆಯಲ್ಲಿ ಇದನ್ನು ಕೈಬಿಟ್ಟರು. ಅದೇ ಕಥೆಯನ್ನು 2022ರಲ್ಲಿ ಯಾಸುಹಿಕೊ ಪೂರ್ಣ ಚಲನಚಿತ್ರವಾಗಿ ನಿರ್ದೇಶಿಸಿದರು ಎಂಬುದೇ ಅದರ ಬೀಜ ಗಟ್ಟಿ ಎನ್ನಲು ಸಾಕ್ಷಿ. ಚಿತ್ರ ಕೆಟ್ಟದ್ದನ್ನು ಕಥೆ ಕೆಟ್ಟದ್ದೆಂದು ಬರೆಯುವ ತಪ್ಪು ಈ ಸರಣಿಯ ವಿಮರ್ಶೆಗಳಲ್ಲಿ ಬಲು ಸುಲಭವಾಗಿ ಆಗುತ್ತದೆ. ಸರಣಿಯ ಕೊನೆ ಭಾಗದಲ್ಲಿ ಯಾಸುಹಿಕೊ ಅನಾರೋಗ್ಯದಿಂದ ಆಸ್ಪತ್ರೆ ಸೇರಿದ್ದರು, ಮುಖಗಳು ಕಂತಿನಿಂದ ಕಂತಿಗೆ ಬದಲಾದಂತೆ ಕಂಡರೆ ಅದು ಕೈ ಬದಲಾದ ಗುರುತು. ಒಮ್ಮೆ ಬರೆದ ಚಿತ್ರವನ್ನು ಮತ್ತೆ ಮತ್ತೆ ಬಳಸುವುದು ಆಗಿನ ಟಿವಿ ಅನಿಮೇಷನ್‌ನ ಸಾಮಾನ್ಯ ಉಳಿತಾಯ. ಅದನ್ನು ಕಥೆಯ ದೋಷಗಳ ಪಟ್ಟಿಗೆ ಸೇರಿಸಬೇಡಿ.

ಆದರೆ ಮರುಬಳಕೆ ಕಥೆಯ ಹೊತ್ತನ್ನೇ ತಿನ್ನುವ ಕಡೆ ಖಂಡಿತ ಸೇರಿಸಿ. 23ನೇ ಕಂತಿನಿಂದ ಬರುವ ಜಿ-ಆರ್ಮರ್ ಎಂಬ ಜೋಡಣೆ ವಿಮಾನ ಅದಕ್ಕೆ ನೇರ ಉದಾಹರಣೆ. ಆಟಿಕೆ ಮಾರಲೆಂದೇ ತಂದದ್ದು. ಗಂಡಮ್ ಅದರೊಳಗೆ ಹೊಕ್ಕು ಬಿಡಿಸಿಕೊಳ್ಳುವ ದೃಶ್ಯ ಮತ್ತೆ ಮತ್ತೆ ಓಡುತ್ತದೆ, ಇಪ್ಪತ್ತು ನಿಮಿಷದ ಕಂತಿನಲ್ಲಿ ಅದು ಸಣ್ಣ ಖರ್ಚಲ್ಲ. ಅದಿಲ್ಲದೆ ನಡೆಯದ ಘಟನೆ ಹೆಚ್ಚೇನೂ ಇಲ್ಲ, ಹಾಗಾಗಿಯೇ ಸಿನಿಮಾ ಮಾಡುವಾಗ ತೆಗೆದು ಕೋರ್ ಬೂಸ್ಟರ್ ಎಂಬ ಸರಳ ವಿಮಾನ ಇಟ್ಟರು, ಕಥೆಗೆ ಏನೂ ಆಗಲಿಲ್ಲ. ಇದರ ಎದುರಿಗೆ ಕೋರ್ ಫೈಟರ್ ಇಟ್ಟು ನೋಡಿ. ಅದೂ ಆಟಿಕೆಯ ಬೇಡಿಕೆಗೆ ಹೊಂದಿದ್ದೇ: ಗಂಡಮ್ ಹೊಟ್ಟೆಯೊಳಗೆ ಮಡಚಿ ಕೂರುವ ಪುಟ್ಟ ವಿಮಾನ. ಆದರೆ ಚಾಲಕನ ಜೀವ ಉಳಿಸುವ ಕೋಣೆ ಅದು ಎಂದು ಬರಹಗಾರರು ಮೊದಲಿನಿಂದ ನೆಲೆಗೊಳಿಸಿದರು. 43ನೇ ಕಂತಿನಲ್ಲಿ ಕೈ, ತಲೆ ಹೋದ ಗಂಡಮ್‌ನ ಹೊಟ್ಟೆಯಿಂದ ಅದೇ ಪುಟ್ಟ ವಿಮಾನ ಅಮುರೋನನ್ನು ಉರಿಯುವ ಕೋಟೆಯಿಂದ ಹೊರತರುತ್ತದೆ. ಪ್ರಾಯೋಜಕರ ಒತ್ತಡ ಎಂಬ ಒಂದೇ ಮಾತಿನಿಂದ ಎರಡನ್ನೂ ತಳ್ಳಿಹಾಕಬೇಡಿ. ಒಂದೇ ಒತ್ತಡ ಒಂದು ಕಡೆ ಕಥೆಯಾಯಿತು, ಇನ್ನೊಂದು ಕಡೆ ಭಾರವಾಯಿತು.

ನಿಜವಾದ ಎಳೆದಾಟ ನನ್ನ ಲೆಕ್ಕದಲ್ಲಿ 22ರಿಂದ 32ರವರೆಗೆ ಬಿಟ್ಟು ಬಿಟ್ಟು ಬರುತ್ತದೆ. 24ರಲ್ಲಿ ಮೂವರು ಕಪ್ಪು ಯೋಧರು ಡೋಮ್ ಏರಿ ಬರುತ್ತಾರೆ, ಒಬ್ಬ ಅಲ್ಲೇ ಸಾಯುತ್ತಾನೆ, ಉಳಿದಿಬ್ಬರು 25ರಲ್ಲಿ. ಅಭಿಮಾನಿಗಳ ನಡುವೆ ಇವರ ಹೆಸರು ದೊಡ್ಡದು, ಆದರೆ ಮೂವರಿಗೂ ಬರವಣಿಗೆ ಕೊಟ್ಟ ಬದುಕು ಅತಿ ಕಡಿಮೆ. ಅವರ ಕಂತಿಗೆ ತೂಕ ಬಂದದ್ದು ನೌಕೆಗೆ ಸರಬರಾಜು ತರುತ್ತಿದ್ದ ಅಧಿಕಾರಿ ಮಟಿಲ್ಡಾಳ ಸಾವಿನಿಂದ. ಆ ಬಳಿಕ ಗಾಗ್, ಜ಼್‌ಗಾಕ್, ಜ಼ಾಕ್ ಎಂದು ನೀರಿನ ಯಂತ್ರಗಳ ಸಾಲೇ ಬರುತ್ತದೆ. ಈ ಭಾಗದಲ್ಲಿ ಹಳೆಯ ಅಚ್ಚು ಮತ್ತೆ ತಲೆಯೆತ್ತಿದೆ ಎಂಬ ನಿಮ್ಮ ದೂರು ಸರಿ. 12ರಲ್ಲಿ ಒಂದು ಮಧುಶಾಲೆಯಲ್ಲಿ ಕೂತು ಗಿರೆನ್‌ನ ಭಾಷಣ ಕೇಳಿದ ಶಾರ್ 26ಕ್ಕೆ ಮತ್ತೆ ರಂಗಕ್ಕೆ ಬರುವುದರಿಂದ ಸೇಡಿನ ಎಳೆಯೂ ಸಡಿಲವಾಗಿದೆ. ಇದರ ನಡುವೆಯೂ 27 ಮತ್ತು 28 ಇವೆ. ತಮ್ಮ-ತಂಗಿಯ ಹೊಟ್ಟೆಗಾಗಿ ಬೇಹುಗಾರಿಕೆ ಮಾಡುವ ಮಿಹಾರು, ತಾನು ಕೊಟ್ಟ ಸುದ್ದಿಯಿಂದ ನೌಕೆಯ ಮಕ್ಕಳು ಸಾಯಬಹುದೆಂದು ಕಂಡು, ನೌಕೆಯ ಹುಡುಗ ಕಾಯ್ ಶಿಡೆನ್ ಜೊತೆ ಹೋರಾಡಲು ಹೊರಡುತ್ತಾಳೆ. ಗುಂಡಿ ಒತ್ತಿದರೆ ಕ್ಷಿಪಣಿ ಹಾರುವುದಿಲ್ಲ. ಕೈಯಿಂದ ಸನ್ನೆ ಎಳೆಯುತ್ತಾಳೆ, ಹಾರಿದ ಕ್ಷಿಪಣಿಯ ಬಿಸಿಗಾಳಿಗೆ ಅವಳೇ ಹೊರಗೆ ಎಸೆಯಲ್ಪಡುತ್ತಾಳೆ. ಅಲ್ಲಿಯವರೆಗೆ ಕೊಂಕು ಮಾತಿನ ಹೇಡಿಯಾಗಿದ್ದ ಕಾಯ್ ಅಂದಿನಿಂದ ಬೇರೆ ಮನುಷ್ಯ. ಈ ಶಿಲ್ಕು ಕೊನೆಯ ಕಂತಿನವರೆಗೆ ಅವನ ಹೆಸರಿನಲ್ಲಿ ಉಳಿಯುತ್ತದೆ.

ಖಾತೆ ತೆರೆದು ಮರೆತದ್ದಕ್ಕೆ ಉದಾಹರಣೆ ಬೇಕಾದರೆ ಫ್ರಾವ್ ಬೋ. ಮೊದಲ ಕಂತಿನಲ್ಲೇ ಅವಳ ತಾಯಿ, ತಾತ ಕಣ್ಣೆದುರು ಸತ್ತು ಬೀಳುತ್ತಾರೆ. ಅಮುರೋನ ತಂದೆಗೆ 33ನೇ ಕಂತು ಸಿಕ್ಕಿತು, ತಾಯಿಗೆ 13ನೇ ಕಂತು ಸಿಕ್ಕಿತು. ಫ್ರಾವ್‌ನ ಸತ್ತವರಿಗೆ ಅಂಥದೊಂದು ಕಂತು ಇಲ್ಲ. ಅವಳು ಮಕ್ಕಳನ್ನು ನೋಡಿಕೊಳ್ಳುತ್ತಾಳೆ, ಗಾಯಕ್ಕೆ ಪಟ್ಟಿ ಕಟ್ಟುತ್ತಾಳೆ, ಅಮುರೋಗೆ ಊಟ ತರುತ್ತಾಳೆ, ನಿಧಾನವಾಗಿ ಕಥೆಯ ಅಂಚಿಗೆ ಸರಿಯುತ್ತಾಳೆ. ಇದಕ್ಕೆ ಪ್ರಾಯೋಜಕರೂ ಕಾರಣರಲ್ಲ, ಕಡಿತವೂ ಕಾರಣವಲ್ಲ. ಇದು ಬರೆದವರ ಕಣ್ಣಿಗೆ ಬೀಳದ ಬಾಕಿ, ಈ ಸರಣಿಯ ದೊಡ್ಡ ಅನ್ಯಾಯಗಳಲ್ಲಿ ಒಂದು.

ಕೊನೆಯ ಓಟದ ವಿಷಯ. ವೀಕ್ಷಕರ ಸಂಖ್ಯೆ ಕಡಿಮೆ, ಆಟಿಕೆ ಮಾರಾಟವೂ ನಿರೀಕ್ಷೆ ಮುಟ್ಟಲಿಲ್ಲ, ಹಾಗಾಗಿ ಕಡಿತ. ಅದರ ಪೆಟ್ಟು ಬಿದ್ದದ್ದು ಶಾರ್ ಜೊತೆಗಿರುವ ಜ಼ಿಯಾನ್ ಪಕ್ಷದ ಹುಡುಗಿ ಲಾಲಾ ಸೂನ್ ಮೇಲೆ, ಅವಳ ಮೂಲಕ ಇಡೀ ‘ನ್ಯೂಟೈಪ್’ ಕಲ್ಪನೆಯ ಮೇಲೆ. ಮಾತಿಲ್ಲದೆ ಮನಸ್ಸುಗಳು ಪರಸ್ಪರ ಅರಿಯಬಲ್ಲ ಹೊಸ ಮನುಷ್ಯರು ಎಂಬುದು ಈ ಕಥೆಯ ತಿರುಳಾಗಬೇಕಿತ್ತು. ಲಾಲಾ ಅಮುರೋಗೆ ಎದುರಾಗುವುದು 34ರಲ್ಲಿ, ಮಳೆಯಲ್ಲಿ ಒಂದು ಕೆರೆಯ ದಂಡೆಯ ಮೇಲೆ. ಸಾಯುವುದು 41ರಲ್ಲಿ. ಮುಖಾಮುಖಿ ಮಾತು ಅತಿ ಕಡಿಮೆ. ಆದರೂ 41ರಲ್ಲಿ, ನೀನೇಕೆ ಇಷ್ಟು ತಡವಾಗಿ ಬಂದೆ ಎಂಬ ಭಾವದಲ್ಲಿ ಇಬ್ಬರ ಮನಸ್ಸುಗಳು ಮಾತಾಡುವಾಗ ಆ ದೃಶ್ಯ ನಿಲ್ಲುತ್ತದೆ, ಏಕೆಂದರೆ ತಡವಾದದ್ದೇ ಅದರ ನೋವು. ಕಡಿತದ ದೋಷ ಆ ಒಂದು ದೃಶ್ಯದಲ್ಲಿ ಮಾತ್ರ ಗುಣವಾಗಿದೆ. ಉಳಿದ ಕಡೆ, ಮುಖ್ಯವಾಗಿ ಅಮುರೋನ ಶಕ್ತಿ ಕಂತಿಗೊಂದು ಮೆಟ್ಟಿಲು ಏರುವಲ್ಲಿ, ಆರಂಭ ಶಿಲ್ಕು ಇಲ್ಲದೆಯೇ ಜಮಾ ಆದ ಹಣದಂತೆ ಕಾಣುತ್ತದೆ.

ಹೋಲಿಕೆಗೆ ಒಂದೇ ಸರಣಿ ಸಾಕು: ತೊಮಿನೊ ಅವರದೇ ‘ಜ಼ಾಂಬೋಟ್ 3’. 1977–78ರಲ್ಲಿ ಬಂದದ್ದು, 23 ಕಂತು. ಅಲ್ಲಿ ರೋಬೋ ಗೆದ್ದರೂ ಊರು ಸುಡುತ್ತದೆ, ಸುಟ್ಟ ಊರಿನ ಜನ ನಾಯಕನ ಕುಟುಂಬಕ್ಕೇ ಶಾಪ ಹಾಕುತ್ತಾರೆ. ಶತ್ರುಗಳು ಜನರನ್ನು ಹಿಡಿದು ಮೈಯೊಳಗೆ ಬಾಂಬಿಟ್ಟು ಮರಳಿ ಕಳಿಸುತ್ತಾರೆ. ಪೆಟ್ಟನ್ನು ಮುಂದಿನ ವಾರಕ್ಕೆ ಒಯ್ಯುವ ಪದ್ಧತಿಗೆ ಅಲ್ಲಿ ಆಗಲೇ ಕೈಹಾಕಿದ್ದರು. ಗಂಡಮ್ ಮಾಡಿದ ಹೆಚ್ಚಿನ ಕೆಲಸ, ಆ ಪೆಟ್ಟನ್ನು ಎರಡೂ ಪಕ್ಷದ ಪುಸ್ತಕದಲ್ಲಿ ಬರೆದದ್ದು.

ಸಿನಿಮಾ ಸಾಕೇ ಎಂಬ ಪ್ರಶ್ನೆಗೆ: ವಿಮರ್ಶೆಗೆ ಸಾಲದು. 1981ರ ಮಾರ್ಚ್, 1981ರ ಜುಲೈ, 1982ರ ಮಾರ್ಚ್‌ನಲ್ಲಿ ಬಂದ ಮೂರೂ ಸೇರಿ ಸುಮಾರು 7 ಗಂಟೆ. ಹಾಡು, ಮುನ್ನೋಟ ಎಲ್ಲ ಸೇರಿ ಸರಣಿ ಸುಮಾರು 18 ಗಂಟೆ. ಮೂರನೆಯದರಲ್ಲಿ ಹೊಸದಾಗಿ ಬರೆದ ಚಿತ್ರಭಾಗ ಬಹಳ, ಲಾಲಾಳ ಕಥೆಗೆ ಅಲ್ಲಿ ಉಸಿರಾಡಲು ಜಾಗ ಸಿಕ್ಕಿದೆ, ಹಾಗಾಗಿ 31ರ ನಂತರದ ಕಂತುಗಳ ಜೊತೆ ಅದನ್ನೂ ಇಟ್ಟು ನೋಡಿ. ಮೊದಲ ಎರಡು ಸಿನಿಮಾಗಳಲ್ಲಿ ವಾರದ ಚೌಕಟ್ಟೇ ಕರಗಿಹೋಗಿದೆ. ನೀವು ಪರೀಕ್ಷಿಸಬೇಕಾದದ್ದೇ ಆ ಚೌಕಟ್ಟು. ಅನುವಾದದ ಡಬ್ಬಿಂಗ್ ಬಿಟ್ಟು ಜಪಾನಿ ಧ್ವನಿಯಲ್ಲೇ ನೋಡಿ. 1985ರ ಮುಂದಿನ ಸರಣಿ ‘ಜ಼ೀಟಾ ಗಂಡಮ್’ನಿಂದ ತಿಳಿದದ್ದನ್ನು ಇದರ ಪುಟಗಳಿಗೆ ತರಬೇಡಿ, 1979ರಲ್ಲಿ ಬರೆದವರ ಕೈಯಲ್ಲಿ ಅದು ಇರಲಿಲ್ಲ.

43 ಹಾಳೆಯೂ ಬರೆಯಲು ಹೊತ್ತಿಲ್ಲದಿದ್ದರೆ 1, 9, 10, 12, 13, 15, 17ರಿಂದ 21, 23, 28, 33, 34, 41, 43 ಬರೆಯಿರಿ. 9ನೇ ಕಂತಿನ ಹಾಳೆಯಲ್ಲಿ ಒಂದು ಸಾಲು ತಪ್ಪದೆ ಇರಲಿ: ಹೋರಾಡಲು ಒಲ್ಲೆ ಎಂದು ಮುದುಡಿ ಕೂತ ಅಮುರೋಗೆ ಹತ್ತೊಂಬತ್ತರ ನಾಯಕ ಬ್ರೈಟ್ ಕಪಾಳಕ್ಕೆ ಹೊಡೆಯುತ್ತಾನೆ, ನಮ್ಮಪ್ಪ ಕೂಡ ನನ್ನನ್ನು ಹೊಡೆದಿಲ್ಲ ಎಂದು ಹುಡುಗ ಕಿರುಚುತ್ತಾನೆ. ಆ ಸಾಲಿನ ಪಕ್ಕದಲ್ಲೇ 17ರಲ್ಲಿ ಅವನು ನೌಕೆ ಬಿಟ್ಟದ್ದನ್ನು ಬರೆಯಿರಿ. ಆಮೇಲೆ 43ಕ್ಕೆ ಬನ್ನಿ. ನೌಕೆ ನಾಶವಾಗಿದೆ, ಉಳಿದವರೆಲ್ಲ ಒಂದು ಸಣ್ಣ ದೋಣಿಯಲ್ಲಿದ್ದಾರೆ, ಬ್ರೈಟ್ ಕೂಡ. ಅಮುರೋ ಎಲ್ಲಿದ್ದಾನೆಂದು ದೊಡ್ಡವರಿಗೆ ತಿಳಿಯುತ್ತಿಲ್ಲ. ಫ್ರಾವ್ ನೋಡಿಕೊಂಡ ಆ ಮೂರು ಪುಟ್ಟ ಮಕ್ಕಳು ಕತ್ತಲಿನತ್ತ ಕೈತೋರಿಸಿ ದಾರಿ ಹೇಳುತ್ತಾರೆ. ಕೋರ್ ಫೈಟರ್ ಬಿಟ್ಟು ಹೊರಬಂದ ಅಮುರೋ, ನನಗೆ ಹಿಂತಿರುಗಲು ಇನ್ನೂ ಜಾಗ ಇದೆ ಎನ್ನುತ್ತಾ ಅವರತ್ತ ತೇಲಿ ಹೋಗುತ್ತಾನೆ.